ಹಾರರ್ ಗೇಮ್‌ನಿಂದ ಕಿರು ಅನಿಮೆ ಸರಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಆಡುವವರು, ಅನಿಮೆ (ಜಪಾನಿ ಶೈಲಿಯ ಅನಿಮೇಷನ್) ನೋಡುವವರು, ತಾವೇ ಒಂದು ಕಿರು ಸರಣಿ ಮಾಡಲು ಹೊರಟವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಆಮೇಲೆ. ಕಥೆಯ ಗುಟ್ಟು ಬಿಟ್ಟುಕೊಡಬೇಕಾದ ಕಡೆ ಮೊದಲೇ ಎಚ್ಚರಿಸಿದ್ದೇನೆ.

## ಶುರುವಿನಲ್ಲಿ ಕೇಳುವವು

ಗೇಮ್ ಆಡಿ ಹೆದರಿದ್ದಾಯ್ತಲ್ಲ, ಅದನ್ನೇ ಮತ್ತೆ ಅನಿಮೆಯಾಗಿ ಯಾಕೆ ನೋಡಬೇಕು?

ಆಡುವಾಗ ಕಾಣದೇ ಹೋದದ್ದನ್ನು ಕಾಣಲು. ಆಟದಲ್ಲಿ ನಮ್ಮ ಕಣ್ಣು ಬಾಗಿಲ ಮೇಲೆ, ಬೀಗದ ಕೈ ಮೇಲೆ, ಉಳಿದಿರುವ ಗುಂಡುಗಳ ಲೆಕ್ಕದ ಮೇಲೆ ಇರುತ್ತದೆ. ಜೊತೆಗಿರುವ ಪಾತ್ರದ ಮುಖ ಬಿಳಿಚಿಕೊಂಡಿತೇ ಎಂದು ನೋಡುವ ಪುರಸೊತ್ತು ಇರುವುದಿಲ್ಲ. ಹಳೆಯ ಪಿಕ್ಸೆಲ್ ಆಟಗಳಲ್ಲಂತೂ ಮುಖವೇ ನಾಲ್ಕಾರು ಚುಕ್ಕೆ. ಅನಿಮೆ ಆ ಮುಖದ ಹತ್ತಿರ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಆಟದಲ್ಲಿ ಹೆದರಿದವರು ನಾವು. ಅನಿಮೆಯಲ್ಲಿ ಹೆದರುವವರು ಪಾತ್ರಗಳು, ನಾವು ಅವರಿಗಾಗಿ ಹೆದರುತ್ತೇವೆ. ಈ ವ್ಯತ್ಯಾಸ ಗೊತ್ತಿದ್ದು ಮಾಡಿದ ಸರಣಿಗಳು ಮನಸ್ಸಿನಲ್ಲಿ ಉಳಿದಿವೆ. ಗೊತ್ತಿಲ್ಲದೆ ಮಾಡಿದವು ಯಾರೋ ಆಡಿದ ಆಟದ ರೆಕಾರ್ಡಿಂಗ್ ನೋಡಿದಂತೆ ಇರುತ್ತವೆ.

ಕಿರು ಸರಣಿ ಅಂದ್ರೆ ಎಷ್ಟು ಕಂತು? ನಾಲ್ಕಾ, ಹನ್ನೆರಡಾ?

ಜಪಾನಿನ ಟಿವಿಯಲ್ಲಿ ಮೂರು ತಿಂಗಳ ಒಂದು ಅವಧಿಗೆ 12 ಅಥವಾ 13 ಕಂತುಗಳು ಹಿಡಿಯುತ್ತವೆ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದರೆ ಉಳಿಯುವುದು 24 ನಿಮಿಷದ ಆಸುಪಾಸು. ಶುರುವಿನ ಮತ್ತು ಕೊನೆಯ ಹಾಡುಗಳು ತಲಾ 90 ಸೆಕೆಂಡು. ಅಂದರೆ ಕಥೆಗೆ ಸಿಗುವುದು ಸುಮಾರು 21 ನಿಮಿಷ. ಅದಕ್ಕಿಂತ ಚಿಕ್ಕದು ಬೇಕೆಂದರೆ ನೇರವಾಗಿ ಡಿಸ್ಕ್‌ನಲ್ಲಿ ಮಾರುವ ಒವಿಎ ಇದೆ, ಈಗ ಸ್ಟ್ರೀಮಿಂಗ್ ಇದೆ. ಅಲ್ಲಿ ಕಂತಿನ ಸಂಖ್ಯೆಗೂ ಉದ್ದಕ್ಕೂ ಕಟ್ಟುಪಾಡಿಲ್ಲ.

ಆಟಗಳಿಂದ ಬಂದ ಸರಣಿಗಳನ್ನೇ ನೋಡಿ. 2013ರ ಒವಿಎ 'ಕಾರ್ಪ್ಸ್ ಪಾರ್ಟಿ: ಟಾರ್ಚರ್ಡ್ ಸೋಲ್ಸ್' 4 ಕಂತು. 2017ರಲ್ಲಿ ಬಂದ 'ಕ್ಯಾಸಲ್‌ವೇನಿಯಾ'ದ ಮೊದಲ ಸೀಸನ್ 4 ಕಂತು. ಅದನ್ನು ಮಾಡಿದ್ದು ಅಮೆರಿಕದ ಸ್ಟುಡಿಯೊ, ಶೈಲಿ ಮಾತ್ರ ಅನಿಮೆಯದೇ. 2021ರ 'ರೆಸಿಡೆಂಟ್ ಈವಿಲ್: ಇನ್‌ಫಿನಿಟ್ ಡಾರ್ಕ್‌ನೆಸ್' ಕೂಡ 4 ಕಂತು. 2018ರ 'ಏಂಜಲ್ಸ್ ಆಫ್ ಡೆತ್' 16 ಕಂತು. 12 ಟಿವಿಯಲ್ಲಿ ಬಂದವು, ಕೊನೆಯ 4 ಸ್ಟ್ರೀಮಿಂಗ್‌ಗೆ ಹೋದವು.

ನನ್ನ ಒಲವು ನಾಲ್ಕರಿಂದ ಆರು ಕಂತಿನ ಕಡೆಗೆ. ಭಯ ಬೇಗ ಅಭ್ಯಾಸವಾಗಿಬಿಡುತ್ತದೆ. ಅದೇ ಕಟ್ಟಡ, ಅದೇ ಕತ್ತಲೆ, ಅದೇ ಬೆನ್ನಟ್ಟುವಿಕೆ ಎಂಟನೇ ಕಂತಿಗೆ ಬರುವಷ್ಟರಲ್ಲಿ ಮನೆಯ ಅಂಗಳದಷ್ಟು ಪರಿಚಿತವಾಗಿರುತ್ತದೆ.

ಗೇಮ್ ಆಡದೇ ಅನಿಮೆ ನೋಡಿದ್ರೆ ಅರ್ಥ ಆಗುತ್ತಾ?

ಆಗಬೇಕು. ಆಗದಿದ್ದರೆ ತಪ್ಪು ಮಾಡಿದವರದ್ದು, ನೋಡಿದವರದ್ದಲ್ಲ.

ಎಂಥಾ ಗೇಮ್ ಅನಿಮೆಗೆ ಚೆನ್ನಾಗಿ ಹೊಂದುತ್ತೆ?

ಮಾತು ಜಾಸ್ತಿ, ಜಾಗ ಕಡಿಮೆ ಇರುವ ಗೇಮ್. 2002ರಲ್ಲಿ ಶುರುವಾದ 'ಹಿಗುರಾಶಿ' ಮೂಲದಲ್ಲಿ ಓದುವ ಆಟ. ಆಯ್ಕೆಯ ಗುಂಡಿಗಳೇ ಇರಲಿಲ್ಲ, ಒಂದೇ ಹಳ್ಳಿ, ಬೆರಳೆಣಿಕೆಯ ಪಾತ್ರಗಳು. ಚಿತ್ರಕಥೆಗೆ ಬೇಕಾದ ಅರ್ಧ ಸಾಮಾನು ಆಟದಲ್ಲೇ ಸಿದ್ಧವಾಗಿತ್ತು. 1996ರಲ್ಲಿ ಆಟ ಕಟ್ಟುವ ಆರ್‌ಪಿಜಿ ಮೇಕರ್ ಸಾಲಿನ ಉಪಕರಣದಲ್ಲಿ ಮಾಡಿದ 'ಕಾರ್ಪ್ಸ್ ಪಾರ್ಟಿ', ಅದೇ ಸಾಲಿನ ಉಪಕರಣದಲ್ಲಿ ಮಾಡಿ 2015ರಲ್ಲಿ ಉಚಿತವಾಗಿ ಬಿಟ್ಟ 'ಏಂಜಲ್ಸ್ ಆಫ್ ಡೆತ್' ಕೂಡ ಹೀಗೆಯೇ: ಒಂದು ಕಟ್ಟಡ, ಅದರೊಳಗೆ ಸಿಕ್ಕಿಬಿದ್ದವರು, ಅವರ ಮಾತು.

ಕಷ್ಟವಾಗುವುದು ಮದ್ದುಗುಂಡು ಎಣಿಸುತ್ತಾ ಬದುಕುವ ಆಟಗಳು. ಅವುಗಳ ಭಯ ಕಥೆಯಲ್ಲಿಲ್ಲ, ಕೊರತೆಯಲ್ಲಿದೆ. 1996ರ 'ರೆಸಿಡೆಂಟ್ ಈವಿಲ್'ನಲ್ಲಿ ಆಟ ಉಳಿಸಿಕೊಳ್ಳಬೇಕೆಂದರೂ ಟೈಪ್‌ರೈಟರಿಗೆ ಶಾಯಿ ರಿಬ್ಬನ್ ಬೇಕು. ಆ ರಿಬ್ಬನ್‌ಗಳೂ ಎಣಿಕೆಯವು. ಈ ಸಂಕಟವನ್ನು ಸಂಭಾಷಣೆಯಲ್ಲಿ ಹೇಳಲು ಹೋದರೆ ನಗೆಪಾಟಲು.

## ಕಥೆಯ ಬಗ್ಗೆ

ಗೇಮಲ್ಲಿ ಏಳೆಂಟು ಎಂಡಿಂಗ್ ಇವೆ. ಯಾವುದನ್ನ ಇಟ್ಕೋಬೇಕು?

(ಇಲ್ಲಿ 'ಕಾರ್ಪ್ಸ್ ಪಾರ್ಟಿ'ಯ ಮುಕ್ತಾಯ ಬಯಲಾಗುತ್ತದೆ.)

ಆಡುವವರ ಆಯ್ಕೆಗೆ ತಕ್ಕಂತೆ ಆಟ ಬೇರೆ ಬೇರೆ ಥರ ಮುಗಿಯುತ್ತದೆ. ಅನಿಮೆಗೆ ಮೂರು ದಾರಿಗಳಿವೆ. ಒಂದು, ಆಟ ಮಾಡಿದವರೇ ಅಸಲಿ ಎಂದು ಇಟ್ಟ 'ನಿಜವಾದ' ಮುಕ್ತಾಯವನ್ನು ಹಿಡಿದು ಉಳಿದದ್ದನ್ನು ಬಿಡುವುದು. ಸುರಕ್ಷಿತ ದಾರಿ, ಆದರೆ ಆಡಿದವರಿಗೆ ಪ್ರತಿ ತಿರುವೂ ಮೊದಲೇ ಗೊತ್ತಿರುತ್ತದೆ. ಎರಡು, ಆಟದ ಮುಕ್ತಾಯಕ್ಕೆ ಅಂಟಿಕೊಳ್ಳದೆ ಬೇರೆಡೆಗೆ ಹೋಗುವುದು. 'ಕಾರ್ಪ್ಸ್ ಪಾರ್ಟಿ' ಆಟದ ನಿಜ ಮುಕ್ತಾಯದಲ್ಲಿ ಐವರು ಬದುಕಿ ಹೊರಬರುತ್ತಾರೆ. ಒವಿಎಯಲ್ಲಿ ಇಬ್ಬರೇ. ಆಡಿದವರು ಕೂಡ "ಇವನು ಹೇಗೂ ಉಳಿಯುತ್ತಾನೆ" ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಕ್ರೌರ್ಯ ಅತಿಯಾಯಿತು ಎನ್ನುವವರ ಮಾತಿನಲ್ಲಿ ಹುರುಳಿದೆ, ಆದರೂ ಆ ನಿರ್ಧಾರದ ಹಿಂದಿನ ಲೆಕ್ಕ ನನಗೆ ಸರಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಗೆದ್ದರೆ ಎಲ್ಲಕ್ಕಿಂತ ದೊಡ್ಡದು: ಹಲವು ಮುಕ್ತಾಯಗಳನ್ನೇ ಕಥೆ ಮಾಡುವುದು. 'ಹಿಗುರಾಶಿ'ಯಲ್ಲಿ ಅದೇ ಜೂನ್ ತಿಂಗಳು, ಅದೇ ಹಬ್ಬ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಬೇರೆ ಥರ ಹಾಳಾಗುತ್ತದೆ. 2006ರ ಅನಿಮೆ ಆರು ಅಧ್ಯಾಯಗಳನ್ನು 4, 4, 5, 2, 6, 5 ಕಂತುಗಳಾಗಿ ಹಂಚಿ 26ರಲ್ಲಿ ಮುಗಿಸಿತು. ಆ ಅಸಮ ಹಂಚಿಕೆಯನ್ನು ಗಮನಿಸಿ. ಪ್ರತಿ ಅಧ್ಯಾಯಕ್ಕೂ ಸಮಪಾಲು ಕೊಟ್ಟಿಲ್ಲ, ಅದಕ್ಕೆ ಬೇಕಾದಷ್ಟು ಕೊಟ್ಟಿದ್ದಾರೆ. ನಾಲ್ಕು ಕಂತಿನಲ್ಲಿ ಈ ದಾರಿ ಹಿಡಿಯುವುದಾದರೆ ಎರಡು ಸುತ್ತಿಗಿಂತ ಹೆಚ್ಚು ಬೇಡ.

ಹತ್ತು ಗಂಟೆ ಆಟಾನ ಎರಡು ಗಂಟೆಗೆ ಇಳಿಸೋದು ಹೇಗೆ? ಎಲ್ಲಾನೂ ಮುಖ್ಯ ಅನ್ಸುತ್ತೆ.

ಆಟದ ಹತ್ತು ಗಂಟೆಯಲ್ಲಿ ಕಥೆ ಎಷ್ಟು ಎಂದು ಮೊದಲು ಅಳೆಯಿರಿ. ನಡೆದಾಟ, ಹುಡುಕಾಟ, ಸತ್ತು ಮತ್ತೆ ಶುರು ಮಾಡಿದ್ದು, ದಾರಿ ತಪ್ಪಿದ್ದು, ಇವನ್ನೆಲ್ಲ ಕಳೆದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆಯೇ.

ಆಮೇಲೆ ಇಡೀ ಆಟ ಕೇಳುವ ಒಂದು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. "ಇಲ್ಲಿಂದ ಹೊರಬರುತ್ತಾರಾ?" ಎನ್ನುವುದು ಸಾಲದು, ಅದು ಎಲ್ಲಾ ಹಾರರ್ ಆಟಗಳ ಪ್ರಶ್ನೆ. "ತಂಗಿಯನ್ನು ಬಿಟ್ಟು ಓಡಿದವನು ಮತ್ತೆ ಅವಳ ಮುಖ ನೋಡಬಲ್ಲನಾ?" ಎನ್ನುವಷ್ಟು ನಿರ್ದಿಷ್ಟವಾಗಿರಲಿ. ಆ ಪ್ರಶ್ನೆಯನ್ನು ಮುಟ್ಟದ ದೃಶ್ಯ ಎಷ್ಟೇ ಪ್ರಸಿದ್ಧವಾಗಿದ್ದರೂ ತೆಗೆಯಿರಿ. ಅಭಿಮಾನಿಗಳು ಕೇಳುತ್ತಾರೆ, ಕೇಳಲಿ. ಪಾತ್ರಗಳನ್ನು ಒಂದರೊಳಗೊಂದು ಬೆರೆಸುವುದೂ ಒಂದು ಉಪಾಯ: ಆಟದಲ್ಲಿ ಸುಳಿವು ಕೊಡುವ ಮೂರು ಆತ್ಮಗಳಿದ್ದರೆ ಅನಿಮೆಗೆ ಒಂದು ಸಾಕು, ಆ ಒಂದಕ್ಕೆ ಹೆಸರೂ ನೋವೂ ಇರಲಿ.

ಇನ್ನೊಂದು ಮಾತು. ಮೊದಲ ಕಂತಿನಲ್ಲಿ ಅವಸರ ಮಾಡಬೇಡಿ. ಗೆಳೆಯರ ಗುಂಪು ಸಾಮಾನ್ಯವಾಗಿ ಹರಟೆ ಹೊಡೆಯುವ ಏಳೆಂಟು ನಿಮಿಷ ಕಳೆದುಕೊಂಡರೆ ಮುಂದೆ ಯಾರು ಸತ್ತರೂ ನೋಡುಗನ ಕರುಳು ಚುರ್ ಅನ್ನುವುದಿಲ್ಲ.

ನಮ್ಮ ಗೇಮಿನ ನಾಯಕ ಒಂದ್ ಮಾತೂ ಆಡಲ್ಲ. ಅನಿಮೆಯಲ್ಲಿ ಏನ್ ಮಾಡೋದು?

ಮನಸ್ಸಿನ ಮಾತನ್ನು ಹಿನ್ನೆಲೆಯಲ್ಲಿ ಓದಿಸಬೇಡಿ. ಅದು ಎಲ್ಲರಿಗೂ ಮೊದಲು ಹೊಳೆಯುವ, ಎಲ್ಲಕ್ಕಿಂತ ಸೋಮಾರಿ ಪರಿಹಾರ. ಜೊತೆಗೊಬ್ಬರನ್ನು ಕೊಡಿ. 'ಏಂಜಲ್ಸ್ ಆಫ್ ಡೆತ್'ನಲ್ಲಿ ರೇಚಲ್ ಭಾವವೇ ತೋರಿಸದ ಹುಡುಗಿ, ಜ್ಯಾಕ್ ಕೂಗಾಡುವವನು. ಅವನ ಸದ್ದು ಅವಳ ಮೌನಕ್ಕೆ ಅಂಚು ಕೊಡುತ್ತದೆ. ಜೊತೆಗಾರರೇ ಇಲ್ಲದ ಕಥೆಯಾದರೆ ಕೈಗಳನ್ನು ಬಳಸಿ. ಮಾತಾಡದ ಪಾತ್ರ ಬಾಗಿಲ ಹಿಡಿ ಮುಟ್ಟುವ ಮುಂಚೆ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡರೆ ಸಾಕು, ಎಲ್ಲ ಹೇಳಿದಂತಾಯಿತು.

ಪಝಲ್‌ಗಳನ್ನ ಪೂರ್ತಿ ತೆಗೆದುಬಿಡ್ಬೇಕಾ?

ಬಿಡಿಸುವ ಕೆಲಸ ನೋಡುಗನದಲ್ಲ, ಹಾಗಾಗಿ ಬಹುಪಾಲು ತೆಗೆಯಬೇಕು. ಉಳಿಸಬೇಕಾದದ್ದು ಬೆಲೆ ತೆರಬೇಕಾದ ಒಗಟು. 'ಕಾರ್ಪ್ಸ್ ಪಾರ್ಟಿ'ಯಲ್ಲಿ ಗೆಳೆಯರು ಎಂದೂ ಅಗಲದಿರಲೆಂದು ಮಾಡುವ ಕಾಗದದ ಬೊಂಬೆಯ ಮಾಟ ನೋಡಿ. ಎಷ್ಟು ಜನ ಇದ್ದಾರೋ ಅಷ್ಟು ಸಲ ಒಂದು ಸಾಲನ್ನು ಮನಸ್ಸಿನಲ್ಲಿ ಹೇಳಬೇಕು, ಎಲ್ಲರೂ ಬೊಂಬೆಯ ಒಂದೊಂದು ಅಂಚು ಹಿಡಿದು ಒಟ್ಟಿಗೆ ಹರಿಯಬೇಕು, ಚೂರನ್ನು ಕಳೆದುಕೊಳ್ಳಬಾರದು. ನಿಯಮ ಒಂದು ಮಗುವಿಗೂ ಅರ್ಥವಾಗುತ್ತದೆ. ತಪ್ಪುವ ಸಾಧ್ಯತೆ ಎಲ್ಲಿದೆ ಎಂಬುದೂ ಅಲ್ಲೇ ಕಾಣುತ್ತದೆ. ಅನಿಮೆಗೆ ಇಂಥದ್ದು ಸಿಕ್ಕರೆ ಭಾಗ್ಯ: ಬೊಂಬೆ ಹಿಡಿದ ಬೆರಳುಗಳ ಒಂದು ಶಾಟ್, ಕಾಗದ ಹರಿಯುವ ಸದ್ದು, ಆಮೇಲೆ ಸರಣಿಯುದ್ದಕ್ಕೂ ಯಾರ ಜೇಬಿನಲ್ಲಿ ಆ ಚೂರಿದೆ ಎನ್ನುವ ಆತಂಕ.

ಗೇಮಿನ ಕಥೇನ ಬಿಟ್ಟು ಹೊಸಾದೇ ಬರೆದ್ರೆ ಅಭಿಮಾನಿಗಳು ಒಪ್ತಾರಾ?

ಜಾಗವನ್ನೂ ನಿಯಮಗಳನ್ನೂ ಗೌರವಿಸಿದರೆ ಒಪ್ಪುತ್ತಾರೆ. 'ಇನ್‌ಫಿನಿಟ್ ಡಾರ್ಕ್‌ನೆಸ್' ಹಳೆಯ ಪಾತ್ರಗಳಾದ ಲಿಯಾನ್ ಮತ್ತು ಕ್ಲೇರ್‌ರನ್ನು ಇಟ್ಟುಕೊಂಡು ಎರಡು ಆಟಗಳ ನಡುವಿನ ಕಾಲದಲ್ಲಿ ಹೊಸ ಕಥೆ ಹೇಳಿತು. ಹಾರರ್ ಅಲ್ಲದಿದ್ದರೂ 2022ರ 'ಸೈಬರ್‌ಪಂಕ್: ಎಡ್ಜ್‌ರನ್ನರ್ಸ್' ನೋಡಿ: ಆಟದ ನಗರ, ಹೊಸ ಹುಡುಗ, 10 ಕಂತು, ಮುಗಿಯಿತು. ಕಿರು ಸರಣಿಗೆ ಈ ಮಾದರಿ ಬಹಳ ಹೊಂದುತ್ತದೆ. ಕಟ್ಟಡ ಅದೇ, ಶಾಪ ಅದೇ, ಆದರೆ ಆಟದಲ್ಲಿ ಬರೀ ಡೈರಿಯ ಒಂದು ಪುಟವಾಗಿ ಸಿಗುವ, ಮೊದಲೇ ಸತ್ತುಹೋದ ಯಾರದೋ ಕಥೆ. ಆಡಿದವರಿಗೆ ಅವನ ಗತಿ ಗೊತ್ತು, ಆಡದವರಿಗೆ ಗೊತ್ತಿಲ್ಲ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಉಸಿರು ಹಿಡಿದು ನೋಡುತ್ತಾರೆ.

## ಭಯದ ಬಗ್ಗೆ

ಗೇಮಲ್ಲಿ ಕೈ ನಡುಗಿಸಿದ ಅದೇ ಸೀನು ಅನಿಮೆಯಲ್ಲಿ ಯಾಕೆ ಸಪ್ಪೆ ಆಗುತ್ತೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಉಳಿದೆಲ್ಲ ಉತ್ತರಗಳೂ ಒಂದಲ್ಲ ಒಂದು ರೀತಿ ಇದರಿಂದಲೇ ಹುಟ್ಟುತ್ತವೆ.

ಆಟದಲ್ಲಿ ಭಯ ಇರುವುದು ದೆವ್ವದಲ್ಲಲ್ಲ, ಮುಂದೆ ಹೋಗುವ ನಿರ್ಧಾರ ನಿಮ್ಮದೇ ಆಗಿರುವುದರಲ್ಲಿ. ಕಾರಿಡಾರಿನ ಕೊನೆಯಲ್ಲಿ ಏನೋ ಇದೆ ಎಂದು ಗೊತ್ತು. ಗುಂಡಿ ಒತ್ತದಿದ್ದರೆ ಏನೂ ಆಗುವುದಿಲ್ಲ. ಒತ್ತಬೇಕಾದವರು ನೀವೇ. ಹಳೆಯ 'ರೆಸಿಡೆಂಟ್ ಈವಿಲ್'ನಲ್ಲಿ ಕೋಣೆಯಿಂದ ಕೋಣೆಗೆ ಹೋಗುವಾಗ ಕಪ್ಪು ಪರದೆಯ ಮೇಲೆ ಒಂದು ಬಾಗಿಲು ನಿಧಾನವಾಗಿ ತೆರೆಯುತ್ತಿತ್ತು. ಮುಂದಿನ ಕೋಣೆ ಲೋಡ್ ಆಗುವವರೆಗಿನ ಸಮಯವನ್ನು ಮುಚ್ಚಲು ಇಟ್ಟದ್ದು ಅದು. ಆದರೆ ತೆರೆದವರು ನಾವಾದ್ದರಿಂದ ಆ ಕೆಲವು ಸೆಕೆಂಡು ಎದೆ ಹೊಡೆದುಕೊಳ್ಳುತ್ತಿತ್ತು.

ಅನಿಮೆಯಲ್ಲಿ ಆ ನಿರ್ಧಾರ ನಿಮ್ಮ ಕೈಯಲ್ಲಿಲ್ಲ. ನೋಡುಗ ಬೇಡವೆಂದರೂ ಪಾತ್ರ ನಡೆಯುತ್ತದೆ. ಹಾಗಾಗಿ ಆಟದ ದೃಶ್ಯವನ್ನು ಇದ್ದಹಾಗೆ ನಕಲು ಮಾಡಿದರೆ ಉಳಿಯುವುದು ಯಾರೋ ನಡೆದ, ಏನೋ ಬಂತು, ಅಷ್ಟೆ. ಕಳೆದುಹೋದ ಆ ನಿರ್ಧಾರಕ್ಕೆ ಬದಲಾಗಿ ಏನಾದರೂ ಕೊಡಲೇಬೇಕು. ಅನಿಮೆಯ ಬಳಿ ಇರುವುದು ಎರಡು: ಸಮಯ ಮತ್ತು ನೋಟ. ಎಷ್ಟು ಹೊತ್ತು ತೋರಿಸುತ್ತೀರಿ, ಏನನ್ನು ತೋರಿಸುವುದಿಲ್ಲ.

ಒಂದು ಉದಾಹರಣೆ ಕಟ್ಟೋಣ. ಹುಡುಗಿಯೊಬ್ಬಳು ಖಾಲಿ ಶಾಲೆಯ ಕಾರಿಡಾರಿನಲ್ಲಿ ನಡೆಯುತ್ತಿದ್ದಾಳೆ. ಸಪ್ಪೆಯಾಗುವ ಬಗೆ: ಉದ್ದ ಕಾರಿಡಾರು, ಬೆದರಿದ ಮುಖ, ಏರುವ ಸಂಗೀತ, ಹಿಂದೆ ನೆರಳು. ಇನ್ನೊಂದು ಬಗೆ: ಕ್ಯಾಮೆರಾ ಅವಳ ಬೂಟಿನ ಮಟ್ಟದಲ್ಲಿ, ಸಂಗೀತವೇ ಇಲ್ಲ. ಆರು ಹೆಜ್ಜೆ, ಒಂದೇ ತಾಳದಲ್ಲಿ. ನಿಲ್ಲುತ್ತಾಳೆ. ಏಳನೆಯ ಹೆಜ್ಜೆ ಕೇಳಿಸುತ್ತದೆ. ಶಾಟ್ ಬದಲಾಗುವುದಿಲ್ಲ, ಮುಖ ತೋರಿಸುವುದಿಲ್ಲ, ನಾಲ್ಕು ಸೆಕೆಂಡು ಬೂಟು ಅಲ್ಲೇ ಇರುತ್ತದೆ. ಆಮೇಲೆ ಅವಳು ಒಂದೇ ಒಂದು ಹೆಜ್ಜೆ ಇಡುತ್ತಾಳೆ, ಸುಮ್ಮನೆ ಪರೀಕ್ಷಿಸಲು. ಈಗ ಎರಡು ಹೆಜ್ಜೆಯ ಸದ್ದು.

ಇಲ್ಲಿ ಬಿಡಿಸಬೇಕಾದ ಚಿತ್ರಗಳೂ ಕಡಿಮೆ, ಭಯವೂ ಹೆಚ್ಚು. ನೋಡುಗ ತಾನೇ ಹೆಜ್ಜೆ ಎಣಿಸಿದ. ಅಷ್ಟರಮಟ್ಟಿಗೆ ಆಟ ಅವನ ಕೈಗೆ ಮರಳಿತು.

ಜಂಪ್ ಸ್ಕೇರ್ ಇಡಬಹುದಾ? ಎಷ್ಟು?

ತಟ್ಟನೆ ಏನನ್ನೋ ಎದುರಿಗೆ ತಂದು ಬೆಚ್ಚಿಬೀಳಿಸುವ ಈ ತಂತ್ರ ಒಂದು ಕಂತಿಗೆ ಒಂದು ಸಲ ಸಾಕು, ಅದೂ ನೋಡುಗ ನಿರೀಕ್ಷಿಸಿದ ಕ್ಷಣದಲ್ಲಿ ಅಲ್ಲ. ಆಟದಲ್ಲಿ ಬೆಚ್ಚಿಬಿದ್ದ ಕೂಡಲೇ ಓಡುವ ಕೆಲಸವಿರುತ್ತದೆ, ಬೆಚ್ಚಿದ ದೇಹಕ್ಕೆ ಮಾಡಲು ಏನೋ ಸಿಗುತ್ತದೆ. ಕುರ್ಚಿಯಲ್ಲಿ ಕೂತ ನೋಡುಗನಿಗೆ ಅದಿಲ್ಲ. ಎರಡನೇ ಸಲಕ್ಕೆ ಅವನಿಗೆ ಸಿಟ್ಟು ಬರುತ್ತದೆ.

ರಕ್ತ ಎಷ್ಟು ತೋರಿಸ್ಬೇಕು? ಟಿವಿ ಆವೃತ್ತಿಯಲ್ಲಿ ಕಪ್ಪು ಮಸಿ ಬಳಿದ ಹಾಗೆ ಇರುತ್ತಲ್ಲ, ಅದ್ಯಾಕೆ?

ಜಪಾನಿನಲ್ಲಿ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಸಂಸ್ಥೆ ಸೆರೊ, 2002ರಲ್ಲಿ ಶುರುವಾದದ್ದು. ಅದರ ಝಡ್ ದರ್ಜೆಯ ಆಟವನ್ನು 18 ದಾಟಿದವರಿಗೆ ಮಾತ್ರ ಮಾರಬೇಕು. ಟಿವಿಗೆ ಅಂಥ ಕೌಂಟರ್ ಇಲ್ಲ, ಯಾರ ಮನೆಯಲ್ಲಿ ಯಾರು ನೋಡುತ್ತಿದ್ದಾರೋ ಗೊತ್ತಿಲ್ಲ. ಹಾಗಾಗಿ ಮಧ್ಯರಾತ್ರಿಯ ವೇಳೆಯಲ್ಲೂ ಗಾಯವನ್ನು ಕಪ್ಪು ಮಾಡುವುದು, ಬೆಳಕಿನ ಪಟ್ಟಿ ಅಡ್ಡ ಇಡುವುದು ನಡೆಯುತ್ತದೆ. ಡಿಸ್ಕ್‌ನಲ್ಲಿ ಅದನ್ನು ತೆಗೆಯುತ್ತಾರೆ. ಹೊರಗಿನ ಘಟನೆಗಳೂ ಪರಿಣಾಮ ಬೀರುತ್ತವೆ. 2007ರ ಸೆಪ್ಟೆಂಬರಿನಲ್ಲಿ ಕ್ಯೋಟೊದಲ್ಲಿ ಕೊಡಲಿಯಿಂದ ನಡೆದ ಕೊಲೆಯ ನಂತರ 'ಹಿಗುರಾಶಿ'ಯ ಎರಡನೇ ಸರಣಿಯನ್ನು ಕೆಲವು ವಾಹಿನಿಗಳು ನಿಲ್ಲಿಸಿದ್ದವು. ಡಿಸ್ಕ್‌ಗೆಂದೇ ಮಾಡಿದ ಒವಿಎಗೆ ಈ ಬಂಧನವಿಲ್ಲ. 'ಕಾರ್ಪ್ಸ್ ಪಾರ್ಟಿ' ಅಷ್ಟು ಉಗ್ರವಾಗಲು ಆ ಸ್ವಾತಂತ್ರ್ಯವೂ ಒಂದು ಕಾರಣ.

ಸ್ವಾತಂತ್ರ್ಯ ಇದೆಯೆಂದು ಬಳಸಲೇಬೇಕೆಂದಿಲ್ಲ. ಒಂದು ಗಾಯವನ್ನು ಒಮ್ಮೆ ಸ್ಪಷ್ಟವಾಗಿ ತೋರಿಸಿ, ಆಮೇಲಿನ ಗಾಯಗಳನ್ನು ಸದ್ದಿನಲ್ಲಿ ಬಿಡಿ. ನೋಡುಗನಿಗೆ ಈಗ ಹೇಗಿರುತ್ತದೆಂದು ಗೊತ್ತಿದೆ, ಉಳಿದದ್ದನ್ನು ಅವನೇ ಬಿಡಿಸಿಕೊಳ್ಳುತ್ತಾನೆ. ಟಿವಿಗೂ ಡಿಸ್ಕ್‌ಗೂ ಒಂದೇ ಆವೃತ್ತಿ ಸಾಕಾಗುತ್ತದೆ ಎನ್ನುವುದು ಮೇಲಿನ ಲಾಭ.

ಮಿಣಮಿಣ ಅನ್ನೋ ಟ್ಯೂಬ್‌ಲೈಟ್, ಮಿಂಚು ಹಾಕಬಹುದಾ?

ಬಹಳ ಎಚ್ಚರದಿಂದ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ 'ಪೊಕೆಮಾನ್' ಕಂತೊಂದರಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿ ನೂರಾರು ಮಕ್ಕಳು ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಮರುವರ್ಷ ಅಲ್ಲಿನ ಪ್ರಸಾರಕರು ನಿಯಮ ತಂದರು. ಈಗ ಎಲ್ಲೆಡೆ ಪಾಲಿಸುವ ಸ್ಥೂಲ ಮಿತಿ ಸೆಕೆಂಡಿಗೆ 3 ಮಿನುಗು. ಗಾಢ ಕೆಂಪು ಇದ್ದರೆ ಇನ್ನೂ ಬಿಗಿ. ಆಟದಲ್ಲಿ ಕೆಟ್ಟ ಟ್ಯೂಬ್‌ಲೈಟ್ ಪಟಪಟನೆ ಹೊಡೆದುಕೊಳ್ಳುತ್ತಿದ್ದರೆ ಅನಿಮೆಯಲ್ಲಿ ಅದು ನಿಧಾನವಾಗಿ ಆರಿ, ಸ್ವಲ್ಪ ಹೊತ್ತು ಆರಿಯೇ ಇದ್ದು, ಮತ್ತೆ ಹತ್ತಲಿ. ಕತ್ತಲಿದ್ದ ಆ ಹೊತ್ತಿನಲ್ಲಿ ಕೋಣೆಯಲ್ಲಿ ಏನು ಬದಲಾಯಿತು ಎಂದು ನೋಡುಗ ಹುಡುಕುತ್ತಾನೆ. ಇದರಲ್ಲಿ ನೋಡುಗರ ಆರೋಗ್ಯದ ಪ್ರಶ್ನೆ ಇದೆ, ಶೈಲಿಯ ಹೆಸರಿನಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಸೌಂಡ್ ವಿಷಯದಲ್ಲಿ ಗೇಮಿಂದ ಏನು ತಗೋಬಹುದು?

ಸಂಗೀತವನ್ನು ಇದ್ದಹಾಗೆ ತರುವುದು ಕಷ್ಟ. ಆಟದ ಸಂಗೀತ ಕೊನೆಯಿಲ್ಲದೆ ಸುತ್ತುವಂತೆ ಮಾಡಿದ್ದು. ನೀವು ಕೋಣೆಯಲ್ಲಿ ಎಷ್ಟು ಹೊತ್ತಿರುತ್ತೀರೋ ಅದಕ್ಕೆ ಗೊತ್ತಿಲ್ಲ. ಅನಿಮೆಯ ದೃಶ್ಯಕ್ಕೆ ಕೊನೆಯಿದೆ, ಸಂಗೀತಕ್ಕೂ ಬೇಕು. ಮುಖ್ಯ ರಾಗ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹೊಸದಾಗಿ ಮಾಡಿಸುವುದು ವಾಸಿ.

ತರಬೇಕಾದದ್ದು ಸದ್ದಿನ ನಿಯಮಗಳನ್ನು. 1999ರ 'ಸೈಲೆಂಟ್ ಹಿಲ್'ನಲ್ಲಿ ವಿಕಾರ ಜೀವಿಗಳು ಹತ್ತಿರ ಬಂದರೆ ಜೇಬಿನ ರೇಡಿಯೊ ಗೊರಗೊರ ಅನ್ನುತ್ತದೆ. ಮಂಜಿನಲ್ಲಿ ಕಾಣದ್ದು ಕಿವಿಗೆ ಕಾಣುತ್ತದೆ. ಇಂಥ ಒಂದು ನಿಯಮವನ್ನು ಮೊದಲ ಕಂತಿನಲ್ಲಿ ಕಲಿಸಿ, ಮೂರನೆಯದರಲ್ಲಿ ಮುರಿಯಿರಿ: ರೇಡಿಯೊ ಸುಮ್ಮನಿದೆ, ಆದರೂ ಬಂತು. ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ ಬಂದ 'ಕಾರ್ಪ್ಸ್ ಪಾರ್ಟಿ'ಯ ಆವೃತ್ತಿಯಲ್ಲಿ ತಲೆಯಾಕಾರದ ಮೈಕ್ ಬಳಸಿ ಧ್ವನಿ ಹಿಡಿದಿದ್ದರು, ಹೆಡ್‌ಫೋನ್ ಹಾಕಿದರೆ ಪಿಸುಮಾತು ಕಿವಿಯ ಹಿಂದೆಯೇ ಕೇಳುತ್ತದೆ. ಟಿವಿಯ ಸ್ಪೀಕರಿನಲ್ಲಿ ಆ ಪರಿಣಾಮ ಸಿಗುವುದಿಲ್ಲ, ಅದನ್ನು ನಂಬಿ ದೃಶ್ಯ ಕಟ್ಟಬೇಡಿ.

## ತಯಾರಿಯ ಬಗ್ಗೆ

ಪಿಕ್ಸೆಲ್ ಗೇಮಿನ ಪಾತ್ರಗಳನ್ನ ಅನಿಮೆ ಶೈಲಿಗೆ ತರೋದು ಹೇಗೆ?

ಆಟದ ಭಾವಚಿತ್ರಗಳಿಂದಲ್ಲ, ನಡಿಗೆಯಿಂದ ಶುರು ಮಾಡಿ. ಆಟದಲ್ಲಿ ಗಂಟೆಗಟ್ಟಲೆ ನೋಡಿದ್ದು ಆ ಪುಟ್ಟ ಆಕೃತಿಯ ಹೊರ ಅಂಚನ್ನು: ಜಡೆ, ಟೋಪಿ, ಹೆಗಲ ಚೀಲ. ಕಪ್ಪು ನೆರಳಾಗಿ ತೋರಿಸಿದರೂ ಯಾರೆಂದು ಗೊತ್ತಾಗಬೇಕು, ಯಾಕೆಂದರೆ ಹಾರರ್‌ನಲ್ಲಿ ಅರ್ಧದಷ್ಟು ಹೊತ್ತು ನೆರಳೇ ಕಾಣುವುದು. ದೆವ್ವದ ವಿಷಯದಲ್ಲಿ ಮಾತ್ರ ಇದಕ್ಕೆ ವಿರುದ್ಧ. ಪಿಕ್ಸೆಲ್‌ಗಳು ಬಿಟ್ಟ ಜಾಗವನ್ನು ಆಡಿದವರ ಕಲ್ಪನೆ ತುಂಬಿತ್ತು. ನೀವು ಪ್ರತಿ ಹಲ್ಲನ್ನೂ ಬಿಡಿಸಿದರೆ ಆ ಕಲ್ಪನೆಗೆ ಕೆಲಸವಿಲ್ಲ. ಒಂದು ಕಣ್ಣು, ಒಂದು ಕೈ, ಕೂದಲಿನ ಒಂದು ಭಾಗ. ಪೂರ್ತಿ ಮೈ ಕೊನೆಯ ಕಂತಿನವರೆಗೂ ಬೇಡ.

ನಾವು ನಾಲ್ಕೇ ಜನ. ಅಷ್ಟೊಂದು ಚಿತ್ರ ಬಿಡಿಸೋಕೆ ಆಗಲ್ಲ. ಬಿಟ್ಟುಬಿಡೋಣ್ವಾ?

ಬಿಡಬೇಡಿ. ಸೆಕೆಂಡಿಗೆ 24 ಫ್ರೇಮ್ ಎಂದರೆ 24 ಚಿತ್ರ ಎಂದಲ್ಲ. ಟಿವಿ ಅನಿಮೆಯಲ್ಲಿ ಒಂದೇ ಚಿತ್ರವನ್ನು ಮೂರು ಫ್ರೇಮ್ ಹಿಡಿದು ಸೆಕೆಂಡಿಗೆ 8 ಚಿತ್ರದಲ್ಲಿ ಕೆಲಸ ಮುಗಿಸುವುದು ಮಾಮೂಲು. ಹಾರರ್‌ಗೆ ಅಷ್ಟೂ ಬೇಡ. 2013ರಲ್ಲಿ ಶುರುವಾದ 'ಯಾಮಿ ಶಿಬಾಯಿ' ನೋಡಿ. ಬೀದಿಯಲ್ಲಿ ಕಾಗದದ ಚಿತ್ರ ತೋರಿಸುತ್ತಾ ಕಥೆ ಹೇಳುವ ಹಳೆಯ ಜಪಾನಿ ಪದ್ಧತಿಯನ್ನು ಅನುಸರಿಸಿ, ಚಲನೆ ಬಹುತೇಕ ಇಲ್ಲದ ಐದೈದು ನಿಮಿಷದ ಕಂತುಗಳನ್ನು ಮಾಡಿದರು. ಅದು ಆಟದಿಂದ ಬಂದದ್ದಲ್ಲ, ಆದರೆ ಚಿಕ್ಕ ತಂಡಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಲುಗಾಡದ ಮುಖ ಹೆದರಿಸುತ್ತದೆ. ಕೋಣೆಯಲ್ಲಿ ಎಲ್ಲವೂ ನಿಂತಿದ್ದು ಒಂದೇ ಒಂದು ವಸ್ತು ಅಲುಗಾಡಿದರೆ ಇನ್ನೂ ಹೆದರಿಸುತ್ತದೆ. ಇರುವ ಶಕ್ತಿಯನ್ನು ಕಂತಿಗೆ ಒಂದು ದೃಶ್ಯದಲ್ಲಿ ಪೂರ್ತಿ ಸುರಿಯಿರಿ, ಉಳಿದದ್ದನ್ನು ನಿಶ್ಚಲವಾಗಿಡಿ.

ಯಾವ ಹಂತದಲ್ಲಿ ಭಯ ಕೆಲಸ ಮಾಡುತ್ತೋ ಇಲ್ವೋ ಗೊತ್ತಾಗುತ್ತೆ?

ಬಣ್ಣ ಹಾಕುವ ಬಹಳ ಮುಂಚೆ. ಶಾಟ್‌ಗಳನ್ನು ಒಂದೊಂದಾಗಿ ಗೀಚಿಕೊಳ್ಳುವ ಸ್ಟೋರಿಬೋರ್ಡಿನ ಪುಟದಲ್ಲಿ ಶಾಟ್ ಸಂಖ್ಯೆ, ಚಿತ್ರ, ಕ್ರಿಯೆ, ಮಾತು, ಕೊನೆಯ ಅಂಕಣದಲ್ಲಿ ಸಮಯ ಇರುತ್ತವೆ. ಹಾರರ್‌ಗೆ ಆ ಕೊನೆಯ ಅಂಕಣವೇ ಜೀವ. ಒರಟು ಚಿತ್ರಗಳನ್ನು ಆ ಸಮಯಕ್ಕೆ ಸರಿಯಾಗಿ ಜೋಡಿಸಿ, ಹೆಜ್ಜೆ, ಬಾಗಿಲು, ಉಸಿರಿನ ಸದ್ದು ಹಾಕಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಗೀಚಿದ ಚಿತ್ರದಲ್ಲೇ ಅವರು ಹಿಂದೆ ಸರಿದರೆ ಆ ದೃಶ್ಯ ಗೆದ್ದಿತು. ಸರಿಯದಿದ್ದರೆ ಬಣ್ಣ ಅದನ್ನು ಉಳಿಸುವುದಿಲ್ಲ.

ಕತ್ತಲೆ ಸೀನುಗಳು ಫೋನಲ್ಲಿ ಏನೂ ಕಾಣಲ್ಲ ಅಂತಾರೆ. ಏನು ಪರಿಹಾರ?

ಕತ್ತಲೆ ಎಂದರೆ ಕಪ್ಪು ಬಣ್ಣ ಎಂದುಕೊಳ್ಳುವುದರಿಂದ ಬರುವ ತೊಂದರೆ. ಪ್ರತಿ ಕತ್ತಲ ಶಾಟ್‌ನಲ್ಲೂ ಒಂದು ಬೆಳಕಿನ ಬಿಂದು ಇರಲಿ: ಮೊಂಬತ್ತಿ, ಕಿಟಕಿಯ ಅಂಚು, ಕಣ್ಣಿನ ಹೊಳಪು. ಅದಕ್ಕೆ ಹೋಲಿಸಿದಾಗ ಉಳಿದದ್ದು ತಾನಾಗಿ ಕತ್ತಲಾಗುತ್ತದೆ. ನೆರಳಿಗೆ ಕಪ್ಪಿನ ಬದಲು ಗಾಢ ನೀಲಿ ಅಥವಾ ಹಸಿರು ಬಳಸಿ. ಸ್ಟ್ರೀಮಿಂಗ್‌ಗಾಗಿ ವಿಡಿಯೊ ಕುಗ್ಗಿಸುವಾಗ ಕತ್ತಲಿನ ನವಿರು ಇಳಿಕೆಗಳು ಪಟ್ಟೆಪಟ್ಟೆಯಾಗಿ ಒಡೆಯುತ್ತವೆ. ಮೇಲೆ ತುಸು ಮರಳಿನಂಥ ನಾಯ್ಸ್ ಹಾಕಿದರೆ ಪಟ್ಟೆ ಮುಚ್ಚುತ್ತದೆ. ಕೊನೆಗೆ ಅಗ್ಗದ ಫೋನೊಂದರಲ್ಲಿ, ಹಗಲಿನಲ್ಲಿ, ಅರ್ಧ ಬ್ರೈಟ್‌ನೆಸ್‌ನಲ್ಲಿ ನೋಡಿ ಒಪ್ಪಿಗೆ ಕೊಡಿ.

ಗೇಮ್ ಉಚಿತವಾಗಿ ಸಿಗುತ್ತೆ, ಹಾಗಾದ್ರೆ ಅನುಮತಿ ಬೇಡ ಅಲ್ವಾ?

ಬೇಕು. ಆಡಲು ಉಚಿತ ಎಂದರೆ ಬಳಸಲು ಉಚಿತ ಎಂದಲ್ಲ. ಒಬ್ಬರೇ ಕೂತು ಮಾಡಿದ ಪುಟ್ಟ ಆಟದಲ್ಲೂ ಹಕ್ಕುಗಳು ಹಲವರ ಕೈಯಲ್ಲಿರಬಹುದು: ಕಥೆ ಒಬ್ಬರದು, ಸಂಗೀತ ಉಚಿತ ಸಂಗ್ರಹವೊಂದರಿಂದ ತಂದದ್ದು, ಹಿನ್ನೆಲೆಯ ಚಿತ್ರಗಳು ಆಟ ಕಟ್ಟುವ ಉಪಕರಣದ ಜೊತೆ ಬಂದವು. ಆ ಚಿತ್ರಗಳ ಪರವಾನಗಿ ಆಟದೊಳಗಿನ ಬಳಕೆಗೆ ಸೀಮಿತವಾಗಿರಬಹುದು, ಅದರ ಷರತ್ತು ಓದದೆ ಮುಟ್ಟಬೇಡಿ. ಲೇಖಕರಿಗೆ ಬರೆಯುವಾಗ "ನಿಮ್ಮ ಆಟದ ಅಭಿಮಾನಿ" ಎಂಬಷ್ಟಕ್ಕೇ ನಿಲ್ಲಿಸದೆ ಎಷ್ಟು ಕಂತು, ಎಲ್ಲಿ ತೋರಿಸುತ್ತೀರಿ, ದುಡ್ಡು ಬರುತ್ತದೆಯೇ, ಕಥೆಯಲ್ಲಿ ಏನು ಬದಲಿಸುತ್ತೀರಿ ಎಂದು ಬರೆಯಿರಿ. ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ.

ಕೊನೇ ಕಂತಲ್ಲಿ ದೆವ್ವದ ಹಿನ್ನೆಲೆ ಎಲ್ಲಾ ವಿವರಿಸ್ಬೇಕಾ?

ಆಟದಲ್ಲಿ ಹಿನ್ನೆಲೆ ಚೂರುಚೂರಾಗಿ ಸಿಗುತ್ತದೆ: ಗೋಡೆಯ ಬರಹ, ಪತ್ರಿಕೆಯ ತುಣುಕು, ಹರಿದ ಡೈರಿ. ಹುಡುಕಿದವನಿಗೆ ಹೆಚ್ಚು, ಓಡಿದವನಿಗೆ ಕಡಿಮೆ. ಅದನ್ನೆಲ್ಲ ಕೂಡಿಸಿ ಕೊನೆಯ ಕಂತಿನಲ್ಲಿ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್ ಮಾಡುವುದು ಈ ಬಗೆಯ ಸರಣಿಗಳ ಮಾಮೂಲು ಕಾಯಿಲೆ. ಕಥೆ ತುತ್ತತುದಿಯಲ್ಲಿರುವಾಗ ಹಿಂದಕ್ಕೆ ತಿರುಗಿ ನಡೆಯುತ್ತದೆ. ಹಿನ್ನೆಲೆ ಬೇಕೇ ಬೇಕೆಂದರೆ ಎರಡನೇ ಕಂತಿನಲ್ಲೇ ಹೇಳಿಬಿಡಿ, ಅದೂ ಯಾರೋ ಸುಳ್ಳಾಗಿ ಹೇಳಲಿ. ಕೊನೆಯಲ್ಲಿ ಆ ಸುಳ್ಳಿನ ಒಂದೇ ಅಂಶ ತಿದ್ದಿದರೆ ಇಡೀ ಕಥೆ ತಿರುಗುತ್ತದೆ, ಅರ್ಧ ನಿಮಿಷ ಸಾಕು. ನಿಯಮಗಳನ್ನು ಮಾತ್ರ ಪೂರ್ತಿ ಸ್ಪಷ್ಟ ಮಾಡಿ. ಯಾಕೆ ಹೀಗಾಯಿತು ಎನ್ನುವುದು ಮಬ್ಬಾಗಿದ್ದರೂ ನೋಡುಗ ಸಹಿಸುತ್ತಾನೆ. ಏನು ಮಾಡಿದರೆ ಏನಾಗುತ್ತದೆ ಎನ್ನುವುದೇ ಮಬ್ಬಾದರೆ ಅವನಿಗೆ ಹೆದರಲು ಕಾರಣವೇ ಉಳಿಯುವುದಿಲ್ಲ.

ಎರಡನೇ ಸೀಸನ್‌ಗೆ ಅಂತ ಏನಾದ್ರೂ ಉಳಿಸ್ಕೋಬೇಕಾ?

'ಕ್ಯಾಸಲ್‌ವೇನಿಯಾ'ದ ಮೊದಲ ನಾಲ್ಕು ಕಂತು ಮೂರು ಮುಖ್ಯ ಪಾತ್ರಗಳು ಒಂದಾಗುವಲ್ಲಿಗೆ ನಿಂತಿತು, ಮುಂದೆ ಅದು ನಾಲ್ಕು ಸೀಸನ್, 32 ಕಂತಿಗೆ ಬೆಳೆಯಿತು. ಆದರೆ ಅದು ಬೇಟೆಗೆ ಹೊರಟವರ ಕಥೆ, ಪ್ರಯಾಣ ಉದ್ದವಾಗಬಹುದು. ಸಿಕ್ಕಿಬಿದ್ದವರ ಕಥೆ ಹಾಗಲ್ಲ. ನಾಲ್ಕು ಕಂತು ಒಂದೇ ಕಟ್ಟಡದಲ್ಲಿ ಕೂಡಿಹಾಕಿ ಕೊನೆಗೆ "ಮುಂದುವರಿಯುವುದು" ಎಂದರೆ ನೋಡುಗನಿಗೆ ಮೋಸ. ಮೊದಲೇ ಬರೆದುಕೊಂಡ ಆ ಒಂದು ವಾಕ್ಯದ ಪ್ರಶ್ನೆಗೆ ನಾಲ್ಕನೇ ಕಂತಿನಲ್ಲೇ ಉತ್ತರ ಕೊಡಿ. ಕಟ್ಟಡ ಬೇಕಾದರೆ ನಿಂತಿರಲಿ, ಮುಂದೆ ಬೇರೆಯವರು ಅಲ್ಲಿಗೆ ಬರಬಹುದು.